ಕಾರಾಪುರ

ಕಾರಾಪುರವು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿ ಜಲಾಶಯದ ಹಿನ್ನೀರಿನ ದಂಡೆಯಲ್ಲಿರುವ ಒಂದು ಗ್ರಾಮ. ಮೈಸೂರು ಮಹಾರಾಜರ ಕಾಲದಲ್ಲಿ ಇದು ಬೇಟೆಯ ಬಿಡಾರವಾಗಿಯೂ, ಸಮೀಪದ ಕಾಕನಕೋಟೆಯಲ್ಲಿ ನಡೆಯುತ್ತಿದ್ದ ಆನೆ ಹಿಡಿಯುವ ಖೆಡ್ಡಾ ಕಾರ್ಯಾಚರಣೆಯನ್ನು ನೋಡಲು ಬರುವ ರಾಜ ಅತಿಥಿಗಳ ತಂಗುದಾಣವಾಗಿಯೂ ಪ್ರಸಿದ್ಧವಾಗಿತ್ತು. ಹಾಲಿವುಡ್ ನಟ ಸಾಬು ಹುಟ್ಟಿದ್ದು ಇಲ್ಲಿಯೇ. ಈಗ ಇದು ನಾಗರಹೊಳೆ ಅರಣ್ಯದ ವನ್ಯಜೀವಿ ವೀಕ್ಷಣೆಯ ಮುಖ್ಯ ಕೇಂದ್ರಗಳಲ್ಲಿ ಒಂದಾಗಿದ್ದು, ನವವಿವಾಹಿತರು ಮತ್ತು ದಂಪತಿಗಳು ಹೆಚ್ಚಾಗಿ ಬರುವ ಪ್ರವಾಸಿ ತಾಣವಾಗಿದೆ.

ಸ್ಥಳ

ಮೈಸೂರಿನಿಂದ ಹೆಗ್ಗಡದೇವನಕೋಟೆ, ಅಂತರಸಂತೆಗಳ ಮೂಲಕ ಕೇರಳದ ಮಾನಂದವಾಡಿಗೆ ಹೋಗುವ ಹೆದ್ದಾರಿಯಿಂದ ಕಾರಾಪುರಕ್ಕೆ ಬರಬಹುದು. ಇದೇ ಹೆದ್ದಾರಿ ಮುಂದೆ ದಮ್ಮನಕಟ್ಟೆ, ಬಳ್ಳೆ, ಬಾವಲಿಗಳ ಮೂಲಕ ದಟ್ಟ ಕಾಡನ್ನು ಹಾದುಹೋಗುತ್ತದೆ. ಕಾಡಿನೊಳಗಿನ ಭಾಗದಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿಷೇಧವಿದೆ. ವಯನಾಡಿನಲ್ಲಿ ಪನಮರಂ ಮತ್ತು ಮಾನಂದವಾಡಿ ಹೊಳೆಗಳು ಕೂಡಿ ಕಬಿನಿ ನದಿಯಾಗುತ್ತದೆ. ಕಪಿಲಾ ಎಂಬ ಹೆಸರೂ ಇರುವ ಈ ನದಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಜಲಾಶಯದ ಒಂದು ದಡದಲ್ಲಿ ನಾಗರಹೊಳೆ, ಇನ್ನೊಂದು ದಡದಲ್ಲಿ ಬಂಡೀಪುರ ರಾಷ್ಟ್ರೀಯ ಉದ್ಯಾನಗಳಿವೆ. ನಾಗರಹೊಳೆ ಉದ್ಯಾನದ ವಿಸ್ತೀರ್ಣ ಸುಮಾರು 643 ಚದರ ಕಿ.ಮೀ. ಮೆಡಿಟರೇನಿಯನ್ ಸಮುದ್ರದ ಪುಟ್ಟ ದೇಶ ಮಾಲ್ಟಾದ ವಿಸ್ತೀರ್ಣಕ್ಕೆ ಇದು ಹೆಚ್ಚುಕಡಿಮೆ ಇಮ್ಮಡಿ.

ಖೆಡ್ಡಾ ಮತ್ತು ರಾಜ ಅತಿಥಿಗಳು

ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ಪದ್ಧತಿಯನ್ನು ಯಶಸ್ವಿಯಾಗಿ ನಡೆಸಿದವನು ಜಿ. ಪಿ. ಸ್ಯಾಂಡರ್ಸನ್. ಅವನು 1874ರಲ್ಲಿ ಚಾಮರಾಜನಗರದ ಬಳಿ ಮೊದಲ ಯಶಸ್ಸು ಕಂಡನು. ಮುಂದೆ ಕಾಕನಕೋಟೆಯು ಇದರ ಪ್ರಮುಖ ನೆಲೆಯಾಯಿತು. ಇಲ್ಲಿನ ವೈಶಿಷ್ಟ್ಯವೆಂದರೆ ನದಿಯ ಬಳಕೆ. ನೂರಾರು ಜನ ತಮಟೆ, ಬೆಂಕಿ, ಕೂಗುಗಳಿಂದ ಕಾಡಾನೆಗಳ ಹಿಂಡನ್ನು ಹಲವು ದಿನಗಳ ಕಾಲ ಸುತ್ತುವರಿದು ಕಬಿನಿಯತ್ತ ಅಟ್ಟುತ್ತಿದ್ದರು. ಆನೆಗಳು ಹೊಳೆ ದಾಟಿ ಎದುರು ದಡದ ಮರದ ದಿಮ್ಮಿಗಳ ಆವರಣದೊಳಗೆ ಸೇರಿದ ಕೂಡಲೇ ಬಾಗಿಲು ಬೀಳುತ್ತಿತ್ತು. ನಂತರ ಪಳಗಿದ ಆನೆಗಳ ಮೇಲೆ ಕುಳಿತ ಮಾವುತರು ಒಳಹೊಕ್ಕು ಒಂದೊಂದು ಆನೆಯನ್ನೂ ಹಗ್ಗದಿಂದ ಬಿಗಿಯುತ್ತಿದ್ದರು. ಆನೆಗಳ ಜಾಡು ಹಿಡಿಯುವುದು, ಹಿಂಡನ್ನು ಅಟ್ಟುವುದು, ಹಿಡಿದವನ್ನು ಪಳಗಿಸುವುದು ಈ ಎಲ್ಲ ಕೆಲಸಗಳಲ್ಲಿ ಜೇನುಕುರುಬರ ಪಾತ್ರ ದೊಡ್ಡದು. ಅತಿಥಿಗಳ ವಿವರಗಳಿಂದ ತುಂಬಿದ ಅಂದಿನ ಬರಹಗಳಲ್ಲಿ ಇವರ ಹೆಸರುಗಳು ಮಾತ್ರ ಅಪರೂಪ.

ಹೊಳೆಯ ದಡದಲ್ಲಿ ಅಟ್ಟಣೆ ಕಟ್ಟಿ ಅತಿಥಿಗಳಿಗೆ ಈ ದೃಶ್ಯವನ್ನು ತೋರಿಸುವುದು ಸಂಸ್ಥಾನದ ಮರ್ಯಾದೆಯ ಭಾಗವಾಗಿತ್ತು. 1906ರ ಆರಂಭದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಅತಿಥಿಗಳಾಗಿ ಬ್ರಿಟನ್ನಿನ ವೇಲ್ಸ್ ರಾಜಕುಮಾರ ಹಾಗೂ ಆತನ ಪತ್ನಿ ಮೇರಿ ಇಲ್ಲಿಗೆ ಬಂದು ಖೆಡ್ಡಾ ವೀಕ್ಷಿಸಿದರು. ನಾಲ್ಕು ವರ್ಷಗಳ ನಂತರ ಈ ದಂಪತಿಯೇ ಐದನೆಯ ಜಾರ್ಜ್ ದೊರೆ ಮತ್ತು ರಾಣಿಯಾದರು. ಅವರ ಮಗ ಎಡ್ವರ್ಡ್ ಕೂಡ 1922ರ ಜನವರಿಯಲ್ಲಿ ಕಾರಾಪುರಕ್ಕೆ ಬಂದಿದ್ದನು. ಮಹಾರಾಜರ ಬೇಟೆಯ ಬಂಗಲೆ ಮತ್ತು ವೈಸರಾಯ್ ಬಂಗಲೆಗಳು ಆ ಕಾಲದ ಕುರುಹುಗಳಾಗಿ ಇಂದಿಗೂ ಉಳಿದಿವೆ.

ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. ಆದರೆ ಖೆಡ್ಡಾದ ಆನೆಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. 1935ರಲ್ಲಿ ಸೆರೆಸಿಕ್ಕ ದ್ರೋಣ ಹದಿನೆಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತು, 1998ರಲ್ಲಿ ಕಾಡಿನಲ್ಲಿ ಮೇಯುವಾಗ ವಿದ್ಯುತ್ ತಂತಿ ತಗುಲಿ ಸತ್ತನು. 1968ರ ಖೆಡ್ಡಾದಲ್ಲಿ ಸಿಕ್ಕ ಅರ್ಜುನ ಬಳ್ಳೆ ಶಿಬಿರದಲ್ಲಿದ್ದು, ಎಂಟು ಬಾರಿ ಅಂಬಾರಿ ಹೊತ್ತನು. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಒಂಟಿ ಸಲಗದೊಡನೆ ಕಾದಾಡಿ ಅವನು ಪ್ರಾಣಬಿಟ್ಟನು. ಒಮ್ಮೆ ತಾನೇ ಸೆರೆಯಾಗಿದ್ದ ಆನೆ ವಿಶ್ರಾಂತಿಯ ವಯಸ್ಸಿನಲ್ಲಿ ಇನ್ನೊಂದನ್ನು ಸೆರೆಹಿಡಿಯಲು ಹೋಗಿ ಸತ್ತದ್ದು ನಾಡಿನಾದ್ಯಂತ ನೋವಿನ ಚರ್ಚೆಗೆ ಕಾರಣವಾಯಿತು.

ಫ್ಲಾಹರ್ಟಿ ದಂಪತಿ ಮತ್ತು ಸಾಬು

ಕಾರಾಪುರವನ್ನು ಜಗತ್ತಿನ ತೆರೆಗೆ ತಂದವರೂ ಒಬ್ಬ ದಂಪತಿಯೇ. ಸಾಕ್ಷ್ಯಚಿತ್ರಗಳಿಗೆ ಹೆಸರಾದ ಅಮೆರಿಕದ ರಾಬರ್ಟ್ ಫ್ಲಾಹರ್ಟಿ, ಪತ್ನಿ ಫ್ರಾನ್ಸಿಸ್ ಜೊತೆ 1935ರಲ್ಲಿ ಮೈಸೂರಿಗೆ ಬಂದು ರುಡ್ಯಾರ್ಡ್ ಕಿಪ್ಲಿಂಗನ ಕಥೆಯೊಂದನ್ನು ಆಧರಿಸಿದ ‘ಎಲಿಫೆಂಟ್ ಬಾಯ್’ ಚಿತ್ರದ ಕೆಲಸ ಆರಂಭಿಸಿದನು. ನಾಯಕನ ಪಾತ್ರಕ್ಕೆ ಸಿಕ್ಕವನು ಮಾವುತನ ಮಗ ಸಾಬು. ಅವನು 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದವನು. ಜೋಲ್ಟನ್ ಕೋರ್ಡಾ ಸಹನಿರ್ದೇಶನದಲ್ಲಿ 1937ರಲ್ಲಿ ತೆರೆಕಂಡ ಈ ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ದೊರೆಯಿತು. ಮೈಸೂರು ವಾಸದ ಅನುಭವಗಳನ್ನು ಫ್ರಾನ್ಸಿಸ್ ‘ಎಲಿಫೆಂಟ್ ಡಾನ್ಸ್’ ಎಂಬ ಪುಸ್ತಕದಲ್ಲಿ ಪ್ರಕಟಿಸಿದಳು. ಸಾಬು ಇಂಗ್ಲೆಂಡಿಗೂ ಅಲ್ಲಿಂದ ಅಮೆರಿಕಕ್ಕೂ ಹೋಗಿ ‘ದಿ ಥೀಫ್ ಆಫ್ ಬಾಗ್ದಾದ್’ (1940), ‘ಜಂಗಲ್ ಬುಕ್’ (1942) ಮುಂತಾದ ಚಿತ್ರಗಳಲ್ಲಿ ನಟಿಸಿದನು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದ ಅವನು 1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡನು.

ಕನ್ನಡ ಸಾಹಿತ್ಯದಲ್ಲಿ ಈ ಸೀಮೆಯನ್ನು ನೆನಪಿನಲ್ಲಿರಿಸಿದ್ದು ಮಾಸ್ತಿ ವೆಂಕಟೇಶ ಅಯ್ಯಂಗಾರರ ನಾಟಕ ‘ಕಾಕನಕೋಟೆ’. ಕಾಡುಕುರುಬರ ನಾಯಕನೂ ರಣಧೀರ ಕಂಠೀರವ ನರಸರಾಜ ಒಡೆಯರೂ ಬರುವ ಈ ನಾಟಕವನ್ನು ಸಿ. ಆರ್. ಸಿಂಹ 1977ರಲ್ಲಿ ಚಲನಚಿತ್ರವಾಗಿಸಿದರು.

ಜಲಾಶಯ

ಬೀಚನಹಳ್ಳಿ ಮತ್ತು ಬಿದರಹಳ್ಳಿ ಗ್ರಾಮಗಳ ನಡುವೆ ಕಟ್ಟಿದ ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಇದರ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,284 ಅಡಿ, ಸಂಗ್ರಹ ಸಾಮರ್ಥ್ಯ 19.52 ಟಿಎಂಸಿ ಅಡಿ. ಹಲವು ಹಳ್ಳಿಗಳೂ, ವಿಸ್ತಾರವಾದ ಕಾಡೂ, ಖೆಡ್ಡಾದ ಬಯಲೂ ನೀರಿನಲ್ಲಿ ಮುಳುಗಿದವು. ನೀರಿನ ನಡುವೆ ನಿಂತಿರುವ ಒಣಮರಗಳ ಮೇಲೆ ನೀರುಕಾಗೆಗಳೂ ಮೀನುಹದ್ದುಗಳೂ ಕುಳಿತಿರುವ ನೋಟವನ್ನು ಪ್ರವಾಸಿಗರು ಮೆಚ್ಚಿ ಚಿತ್ರ ತೆಗೆಯುತ್ತಾರೆ. ಅವು ಮುಳುಗಿದ ಆ ಕಾಡಿನದೇ ಮರಗಳು. ಬೇಸಿಗೆಯಲ್ಲಿ ನೀರು ಇಳಿದಾಗ ತೆರೆದುಕೊಳ್ಳುವ ಹಸಿರು ಹುಲ್ಲಿಗಾಗಿ ಎರಡೂ ಉದ್ಯಾನಗಳಿಂದ ಆನೆಗಳು ಹಿಂಡುಹಿಂಡಾಗಿ ಇಲ್ಲಿ ಸೇರುತ್ತವೆ. ಏಷ್ಯಾದ ಆನೆಗಳನ್ನು ಇಷ್ಟು ಸಂಖ್ಯೆಯಲ್ಲಿ ಒಟ್ಟಿಗೆ ಕಾಣಬಹುದಾದ ಸ್ಥಳಗಳು ಬಹಳ ಕಡಿಮೆ.

ಪ್ರವಾಸ

ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು 1980ರ ದಶಕದಲ್ಲಿ ಹಳೆಯ ಬೇಟೆಯ ಬಂಗಲೆಗಳ ಆವರಣದಲ್ಲಿ ಕಬಿನಿ ರಿವರ್ ಲಾಡ್ಜ್ ಆರಂಭಿಸಿತು. ಬೇಟೆಗಾರರಾಗಿದ್ದು ಸಂರಕ್ಷಕರಾಗಿ ಬದಲಾದ ಕರ್ನಲ್ ಜಾನ್ ವೇಕ್‌ಫೀಲ್ಡ್ ಇದನ್ನು ಬೆಳೆಸಿದವರು. ‘ಪಾಪಾ’ ಎಂದು ಕರೆಯಲ್ಪಡುತ್ತಿದ್ದ ಅವರು ಕೊನೆಯವರೆಗೂ ಇಲ್ಲಿಯೇ ಇದ್ದು 2010ರಲ್ಲಿ ನಿಧನರಾದರು. ಅನಂತರ ದಂಡೆಯುದ್ದಕ್ಕೂ ಖಾಸಗಿ ರೆಸಾರ್ಟ್‌ಗಳು ಬಂದವು.

ಬೆಳಿಗ್ಗೆ ಮತ್ತು ಸಂಜೆ ವಾಹನ ಸಫಾರಿ, ಹಿನ್ನೀರಿನಲ್ಲಿ ದೋಣಿ ಸಫಾರಿ ಇವು ಇಲ್ಲಿನ ಮುಖ್ಯ ಆಕರ್ಷಣೆ. ಕೊಡಗು ಅಥವಾ ವಯನಾಡಿಗೆ ಹೊರಟ ನವದಂಪತಿಗಳು ಒಂದೆರಡು ರಾತ್ರಿ ತಂಗುವುದು ರೂಢಿ. ಇಬ್ಬರೇ ಬಂದವರಿಗೂ ವಾಹನದಲ್ಲಿ ಇತರರ ಜೊತೆಗೇ ಆಸನ ದೊರೆಯುವುದು ಸಾಮಾನ್ಯ. ಕಾಡಿನೊಳಗೆ ವಾಹನದಿಂದ ಇಳಿಯುವಂತಿಲ್ಲ. ಹುಲಿ, ಕರಿಚಿರತೆಗಳ ಚಿತ್ರಗಳನ್ನು ನೋಡಿ ಬಂದವರು ಅವು ಕಾಣದಿದ್ದರೆ ನಿರಾಶರಾಗುವುದುಂಟು. ಆದರೆ ದೋಣಿಯಲ್ಲಿ ಕುಳಿತು ಆನೆಗಳು ಮರಿಗಳೊಡನೆ ನೀರಿಗಿಳಿಯುವುದನ್ನು ನೋಡುವ ಒಂದು ಗಂಟೆ ಯಾವ ಹುಲಿ ದರ್ಶನಕ್ಕೂ ಕಡಿಮೆಯಲ್ಲ. ಆನೆ ನೋಡಲು ಮಾರ್ಚ್‌ನಿಂದ ಮೇ, ಹಸಿರು ನೋಡಲು ಮಳೆಗಾಲ ಮುಗಿದ ತಿಂಗಳುಗಳು ಸೂಕ್ತ.

ಕಾಡಿನ ಜನ

ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಸಮುದಾಯಗಳು ಈ ಕಾಡಿನ ಮೂಲನಿವಾಸಿಗಳು. ಮೊದಲು ಜಲಾಶಯ, ಬಳಿಕ ರಾಷ್ಟ್ರೀಯ ಉದ್ಯಾನ ಇವರ ಹಾಡಿಗಳನ್ನು ಹೊರಗೆ ಸರಿಸಿದವು. ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಪುನರ್ವಸತಿ ಕೇಂದ್ರಗಳು ಹೀಗೆ ಹುಟ್ಟಿದವು. ಪ್ರೊ. ಮುಜಾಫರ್ ಅಸ್ಸಾದಿ ಅಧ್ಯಕ್ಷತೆಯ ಸಮಿತಿಯು ನಾಗರಹೊಳೆಯಿಂದ 3,418 ಆದಿವಾಸಿ ಕುಟುಂಬಗಳು ಸ್ಥಳಾಂತರಗೊಂಡಿವೆ ಎಂದು ಹೈಕೋರ್ಟಿಗೆ ವರದಿ ಮಾಡಿತು. ಕಾಡಿನೊಳಗೆ, ಮೂರ್ಕಲ್‌ನಲ್ಲಿ, ಖಾಸಗಿ ಹೋಟೆಲ್ ತೆರೆಯುವ ಯೋಜನೆಯನ್ನು ಆದಿವಾಸಿಗಳು ಹೋರಾಟದ ಮೂಲಕ ವಿರೋಧಿಸಿದರು. 1997ರಲ್ಲಿ ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ತೀರ್ಪು ನೀಡಿತು. ಪ್ರವಾಸಿಗರು ಕಾಣುವ ಮಾವುತರು, ಕಾವಾಡಿಗಳು, ಅರಣ್ಯ ಕಾವಲುಗಾರರಲ್ಲಿ ಅನೇಕರು ಈ ಸಮುದಾಯಗಳವರೇ ಆಗಿದ್ದು, ಅವರ ಹಾಡಿಗಳ ಭೂಮಿಯ ಹಕ್ಕಿನ ಅರ್ಜಿಗಳು 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಸಲ್ಲಿಕೆಯಾಗುತ್ತ ಬಂದಿವೆ.