ಏರ್‌ಬಸ್ ಹಾರಿತು, ಯೂನಿಡೇಟಾ ಯಾಕೆ ಮಲಗಿತು?

2024ರ ಸೆಪ್ಟೆಂಬರ್‌ನಲ್ಲಿ ಮಾರಿಯೋ ದ್ರಾಗಿ ಯುರೋಪಿನ ಸ್ಪರ್ಧಾಶಕ್ತಿಯ ಬಗ್ಗೆ ವರದಿ ಕೊಟ್ಟರಲ್ಲ, ಅದರಲ್ಲಿ ಎಲ್ಲರೂ ಹಿಡಿದುಕೊಂಡಿದ್ದು ಒಂದೇ ಅಂಕಿ: ವರ್ಷಕ್ಕೆ 750-800 ಬಿಲಿಯನ್ ಯೂರೋ ಹೆಚ್ಚುವರಿ ಹೂಡಿಕೆ. ದುಡ್ಡು ಸುರಿದರೆ ಆಗಿಬಿಡತ್ತಾ? 1970ರ ದಶಕದಲ್ಲಿ ಇದೇ ದೇಶಗಳು ಮಾಡಿದ ಎರಡು ಪ್ರಯತ್ನ ನೋಡೋಣ.

ಒಂದು ನಮ್ಮ ಕಸುಬಿನದ್ದೇ. ಫ್ರಾನ್ಸಿನ ಅಣ್ವಸ್ತ್ರ ಕಾರ್ಯಕ್ರಮಕ್ಕೆ ಬೇಕಿದ್ದ ಸಿಡಿಸಿ ಸೂಪರ್‌ಕಂಪ್ಯೂಟರಿಗೆ ಅಮೆರಿಕ ರಫ್ತು ಪರವಾನಗಿ ತಡೆಹಿಡಿದಿತ್ತು. ಫ್ರೆಂಚರ ಹೆಮ್ಮೆಯ ಬುಲ್ ಕಂಪನಿ 1964ರಲ್ಲಿ ಜನರಲ್ ಎಲೆಕ್ಟ್ರಿಕ್ ಪಾಲಾಗಿತ್ತು. ಉರಿದುಹೋದ ಡಿ ಗಾಲ್ ಸರ್ಕಾರ 1966ರಲ್ಲಿ ‘ಪ್ಲಾನ್ ಕಾಲ್ಕುಲ್’ ತಂದು ಸಿಐಐ ಅನ್ನೋ ಹೊಸ ಕಂಪನಿ ಕಟ್ಟಿಸಿತು. 1973ರಲ್ಲಿ ಸಿಐಐ, ಜರ್ಮನಿಯ ಸೀಮೆನ್ಸ್, ನೆದರ್ಲೆಂಡ್ಸಿನ ಫಿಲಿಪ್ಸ್ ಸೇರಿ ಯೂನಿಡೇಟಾ ಆಯ್ತು. ಎದುರಾಳಿ ಐಬಿಎಂ. ಎರಡೇ ವರ್ಷಕ್ಕೆ ಫ್ರೆಂಚ್ ಸರ್ಕಾರವೇ ಮನಸ್ಸು ಬದಲಾಯಿಸಿ, ಅಷ್ಟರಲ್ಲಿ ಅಮೆರಿಕದ ಹನಿವೆಲ್ ಕೈ ಸೇರಿದ್ದ ಬುಲ್ ಜೊತೆ ಸಿಐಐಯನ್ನು ಸೇರಿಸಿಬಿಟ್ಟಿತು. ಯೂನಿಡೇಟಾ ಕಥೆ ಅಲ್ಲಿಗೆ ಮುಗೀತು.

ಇನ್ನೊಂದು ಏರ್‌ಬಸ್. ಅದೇ ಫ್ರಾನ್ಸ್, ಅದೇ ಜರ್ಮನಿ, 1969ರ ಒಪ್ಪಂದ. ಬ್ರಿಟಿಷ್ ಸರ್ಕಾರ ಹಿಂದೆ ಸರಿದರೂ ಹಾಕರ್ ಸಿಡ್ಲಿ ಕಂಪನಿ ತನ್ನ ದುಡ್ಡೂ ಹಾಕಿ ರೆಕ್ಕೆ ಮಾಡಿಕೊಟ್ಟಿತು. 1972ರ ಅಕ್ಟೋಬರ್ 28ರಂದು ಎ300 ಹಾರಿತು. ಆಮೇಲೆ? ಕೊಳ್ಳೋರೇ ಇಲ್ಲ! ತಯಾರಾದ ವಿಮಾನಗಳು ಟುಲೂಸ್‌ನಲ್ಲಿ ಸುಮ್ಮನೆ ನಿಂತಿದ್ದವು. (ನಮ್ಮ ಇಂಡಿಯನ್ ಏರ್‌ಲೈನ್ಸ್ 1976ರಲ್ಲೇ ತಗೊಂಡಿತ್ತು, ಅದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ.)

ಇಲ್ಲೇ ವ್ಯತ್ಯಾಸ ಇರೋದು ಅಂತ ನನ್ನ ಅನಿಸಿಕೆ. ಸಿಐಐ ಹೆಚ್ಚಾಗಿ ನೆಚ್ಚಿಕೊಂಡಿದ್ದು ಸ್ವಂತ ಸರ್ಕಾರದ ಆರ್ಡರನ್ನು. ಏರ್‌ಬಸ್ ಹೋಗಿ ಬಾಗಿಲು ತಟ್ಟಿದ್ದು ಬೋಯಿಂಗ್‌ನ ಮನೆಯಂಗಳದಲ್ಲಿ. 1977ರಲ್ಲಿ ಅಮೆರಿಕದ ಈಸ್ಟರ್ನ್ ಏರ್‌ಲೈನ್ಸಿಗೆ ನಾಲ್ಕು ವಿಮಾನ ಆರು ತಿಂಗಳಿಗೆ ಹೆಚ್ಚುಕಡಿಮೆ ಪುಕ್ಕಟೆಯಾಗಿ ಕೊಟ್ಟು, ‘ಓಡಿಸಿ ನೋಡಿ’ ಅಂದರು. ಈಸ್ಟರ್ನ್ ಮುಖ್ಯಸ್ಥ ಅಪೋಲೋ 8ರ ಗಗನಯಾತ್ರಿ ಫ್ರಾಂಕ್ ಬೋರ್ಮನ್. ಆತನಿಗೆ ದೇಶಾಭಿಮಾನದ ಪಾಠ ಯಾರೂ ಹೇಳಬೇಕಿರಲಿಲ್ಲ, ಲೆಕ್ಕ ಬೇಕಿತ್ತು. ಪೈಪೋಟಿಯ ಅಗಲ ವಿಮಾನಗಳಿಗೆ ಮೂರು ನಾಲ್ಕು ಎಂಜಿನ್, ಎ300ಗೆ ಎರಡೇ. 1973ರ ತೈಲ ಬಿಕ್ಕಟ್ಟಿನ ನಂತರ ಆ ಉಳಿತಾಯವೇ ಮಾತಾಡಿತು.

ಎಂಜಿನ್ ಯಾರದ್ದು ಗೊತ್ತಾ? ಬುಲ್ ಅನ್ನು ನುಂಗಿದ್ದ ಅದೇ ಜನರಲ್ ಎಲೆಕ್ಟ್ರಿಕ್‌ನದ್ದು! ಎಲ್ಲವೂ ‘ನಮ್ಮದೇ’ ಆಗಿರಬೇಕು ಅಂತ ಇವರು ಹಟ ಹಿಡಿಯಲಿಲ್ಲ.

1978ರಲ್ಲಿ ಈಸ್ಟರ್ನ್ 23 ಎ300ಗಳಿಗೆ ಆರ್ಡರ್ ಕೊಟ್ಟಿತು. ಅದೇ ವರ್ಷ ಸೀಮೆನ್ಸ್, ದೊಡ್ಡ ಕಂಪ್ಯೂಟರಿಗಾಗಿ ಜಪಾನಿನ ಫುಜಿತ್ಸು ಜೊತೆ ಒಪ್ಪಂದ ಮಾಡಿಕೊಂಡಿತು.