ಘಟ್ಟದ ಏರು ಮತ್ತು ಲಾರಿಯ ಎಳೆತ

ಬೈಂದೂರು ತಾಲೂಕಿನ ಕಿರಿಮಂಜೇಶ್ವರವು ರಾಷ್ಟ್ರೀಯ ಹೆದ್ದಾರಿ 66ರ ಮೇಲಿದ್ದು, ಈ ಭಾಗದಿಂದ ಮಲೆನಾಡಿಗೆ ಸರಕು ಒಯ್ಯುವ ಲಾರಿಗಳು ಬೈಂದೂರಿನಿಂದಲೋ ಹೆಮ್ಮಾಡಿಯಿಂದಲೋ ಕೊಲ್ಲೂರಿನತ್ತ ತಿರುಗಿ ನಾಗೋಡಿ ಘಟ್ಟವನ್ನು, ಇಲ್ಲವೇ ಸಿದ್ದಾಪುರ-ಹೊಸಂಗಡಿಯ ಮೂಲಕ ಬಾಳೆಬರೆ ಘಟ್ಟವನ್ನು ಹತ್ತುತ್ತವೆ. ಹಳೆಯ ಲಾರಿಯ ಎಂಜಿನ್ ಸೊರಗಿದ್ದನ್ನು ಗುರುತಿಸುವ ವಿದ್ಯೆ ಇಲ್ಲಿ ರೂಪುಗೊಳ್ಳುವಲ್ಲಿ ಈ ನೆಲದ ಏರಿಳಿತಕ್ಕೆ ದೊಡ್ಡ ಪಾಲಿದೆ. ಸಮತಟ್ಟಾದ ಕಡಲಂಚಿನ ರಸ್ತೆಯಲ್ಲಿ ತಿಂಗಳುಗಟ್ಟಲೆ ಅಡಗಿರಬಲ್ಲ ದೋಷವು ಹೊರೆ ಹೊತ್ತು ಘಟ್ಟ ಏರುವಾಗ ಮರೆಯಾಗಿರಲಾರದು.

ಇಂಥ ಲಾರಿಗಳ ಹಿನ್ನೆಲೆಯನ್ನೂ ಇಲ್ಲಿ ನೆನೆಯಬೇಕು: 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಿಂದ ಟಾಟಾ ಲಾರಿಗಳ ತಯಾರಿಕೆ ಜಮ್ಶೆಡ್‌ಪುರದಲ್ಲಿ ಮೊದಲಾಯಿತು. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಕಂಪೆನಿಯು ಡೀಸೆಲನ್ನು ಅಳೆದು ಒತ್ತಡದಿಂದ ಕಳುಹಿಸುವ ಪಂಪನ್ನೂ, ಅದನ್ನು ಸಿಲಿಂಡರಿನೊಳಗೆ ಸಿಂಪಡಿಸುವ ನಾಜಲನ್ನೂ ದೇಶದಲ್ಲೇ ತಯಾರಿಸತೊಡಗಿತು. ಈ ಲಾರಿಗಳ ಡೀಸೆಲ್ ಎಂಜಿನ್ನುಗಳಲ್ಲಿ ಕಿಡಿಯಿಲ್ಲ; ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಇಂಧನ ಹೊತ್ತಿಕೊಳ್ಳುವುದರಿಂದ, 'ಪಿಕಪ್ ಇಲ್ಲ' ಎಂಬ ಚಾಲಕನ ದೂರಿಗೆ ಕಾರಣವನ್ನು ಮೆಕ್ಯಾನಿಕ್ ಮುಖ್ಯವಾಗಿ ಇಂಧನ, ಗಾಳಿ ಮತ್ತು ಕಂಪ್ರೆಷನ್ ಎಂಬ ಒತ್ತಡದಲ್ಲಿ ಹುಡುಕುತ್ತಿದ್ದನು.

ಹೊಗೆಯೇ ಮೊದಲ ಸಾಕ್ಷಿ. ಕಪ್ಪು ಹೊಗೆ ಗಾಳಿ ಸಾಲದಿರುವುದನ್ನೋ ನಾಜಲ್ ಸೋರುವುದನ್ನೋ, ನೀಲಿ ಹೊಗೆ ಸವೆದ ಪಿಸ್ಟನ್ ರಿಂಗುಗಳನ್ನು ದಾಟಿ ಆಯಿಲ್ ಉರಿಯುವುದನ್ನು, ಬಿಸಿಯಾದ ಎಂಜಿನ್ನಿನ ಬಿಳಿ ಹೊಗೆ ಇಂಧನ ಪೂರ್ತಿ ಉರಿಯದಿರುವುದನ್ನು ಸೂಚಿಸುತ್ತಿತ್ತು. ಹೊಗೆಯೇ ಇಲ್ಲದೆ ಎಳೆತ ಕುಂದಿದರೆ ಡೀಸೆಲ್ ಸಾಕಷ್ಟು ಬರುತ್ತಿಲ್ಲವೆಂಬ ಶಂಕೆ ಬಲವಾಗುತ್ತಿತ್ತು. ತೇವಭರಿತ ಕರಾವಳಿ ಹವೆಯಲ್ಲಿ ಅರೆತುಂಬಿದ ಟ್ಯಾಂಕಿನೊಳಗೆ ನೀರು ಕಟ್ಟಿ, ತುಕ್ಕು ಎದ್ದು, ಫಿಲ್ಟರ್ ಮುಚ್ಚಿಕೊಳ್ಳುವುದು ಸಹಜವೇ ಆಗಿತ್ತು. ಎಂಜಿನ್ ನಡೆಯುತ್ತಿರುವಾಗಲೇ ನಾಜಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಶಬ್ದಕ್ಕೆ ಕಿವಿಗೊಡುವ ಕ್ರಮ ಈ ವಿದ್ಯೆಯ ಅತ್ಯಂತ ಸೂಕ್ಷ್ಮ ಭಾಗವೆನ್ನಬೇಕು: ಯಾವ ಸಿಲಿಂಡರಿನ ನಟ್ಟನ್ನು ಸಡಿಲಿಸಿದಾಗ ಶಬ್ದ ಬದಲಾಗುವುದಿಲ್ಲವೋ ಆ ಸಿಲಿಂಡರು ಕೆಲಸ ಮಾಡುತ್ತಿಲ್ಲ. ದುಬಾರಿಯಾದ ಪಂಪನ್ನು ಮೊದಲೇ ಬಿಚ್ಚದೆ ಟ್ಯಾಂಕು, ಫಿಲ್ಟರು, ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಇವುಗಳಿಂದ ಆರಂಭಿಸುವುದು ವಿವೇಕದ ದಾರಿಯಾಗಿತ್ತು. ಎಂಜಿನ್ನಿನ ವೇಗ ಏರಿದರೂ ಲಾರಿ ಮುಂದೆ ಸಾಗದಿದ್ದರೆ ದೋಷ ಕ್ಲಚ್ಚಿನದು, ಎಂಜಿನ್ನಿನದಲ್ಲ.

2020ರ ಏಪ್ರಿಲ್ 1ರಿಂದ ಬಿಎಸ್-6 ಮಾಲಿನ್ಯ ನಿಯಮ ಜಾರಿಗೆ ಬಂದ ಮೇಲಿನ ಲಾರಿಗಳಲ್ಲಿ ಸೆನ್ಸರುಗಳು ದಾಖಲಿಸಿದ ದೋಷವನ್ನು ಸ್ಕ್ಯಾನರ್ ಓದುತ್ತದೆ. ಇಂಧನದ ಒತ್ತಡ ಇಳಿದಿದೆಯೆಂದು ಅದು ತಿಳಿಸಿದರೂ, ಇಳಿಕೆಗೆ ಮುಚ್ಚಿದ ಫಿಲ್ಟರ್ ಕಾರಣವೋ ಸೋರುವ ಪೈಪು ಕಾರಣವೋ ಎಂಬುದನ್ನು ಇಂದಿಗೂ ಬಿಚ್ಚಿಯೇ ನೋಡಬೇಕಾಗುತ್ತದೆ.