ಪರದೆಯ ಗಾತ್ರ ಮತ್ತು ರೆಸಲ್ಯೂಶನ್ (ತಂತ್ರಾಂಶ ರಚನೆ)

ಪರದೆಯ ರೆಸಲ್ಯೂಶನ್ ಎಂದರೆ ಗಣಕದ ಪರದೆಯ ಅಗಲ ಮತ್ತು ಎತ್ತರಗಳಲ್ಲಿರುವ ಪಿಕ್ಸೆಲ್‌ಗಳ ಸಂಖ್ಯೆ. 1987ರಲ್ಲಿ ಐಬಿಎಂ ಸಂಸ್ಥೆ ತಂದ ವಿಜಿಎ ಮಾನಕದಲ್ಲಿ ಇದು 640×480 ಆಗಿತ್ತು. ಇಂದು 1920×1080 ಸಾಮಾನ್ಯ. ಪರದೆಯ ಗಾತ್ರವನ್ನು ಅದರ ಕರ್ಣದ ಉದ್ದದಿಂದ ಇಂಚುಗಳಲ್ಲಿ ಹೇಳಲಾಗುತ್ತದೆ. 1920×1080 ಪಿಕ್ಸೆಲ್‌ಗಳಿರುವ 15.6 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 141 ಪಿಕ್ಸೆಲ್‌ಗಳಿದ್ದರೆ, 24 ಇಂಚಿನ ಪರದೆಯಲ್ಲಿ ಸುಮಾರು 92 ಮಾತ್ರ ಇರುತ್ತವೆ. ಕಿಟಕಿ, ಗುಂಡಿ, ಪಟ್ಟಿಗಳನ್ನು ತೋರಿಸುವ ಯಾವುದೇ ತಂತ್ರಾಂಶವು ಈ ಮಾಹಿತಿಯನ್ನು ಕಾರ್ಯಾಚರಣ ವ್ಯವಸ್ಥೆಯಿಂದ ಕೇಳಿ ಪಡೆಯುತ್ತದೆ.

ಪಡೆಯುವ ವಿಧಾನ

ವಿಂಡೋಸ್‌ನಲ್ಲಿ ಗೆಟ್‌ಸಿಸ್ಟಮ್‌ಮೆಟ್ರಿಕ್ಸ್ ಎಂಬ ಫಂಕ್ಷನ್‌ಗೆ 0 ಕೊಟ್ಟರೆ ಮುಖ್ಯ ಪರದೆಯ ಅಗಲವೂ 1 ಕೊಟ್ಟರೆ ಎತ್ತರವೂ ದೊರೆಯುತ್ತವೆ. ಪೈಥಾನ್‌ನ ಟಿಕಿಂಟರ್, ಕ್ಯೂಟಿ ಮೊದಲಾದವುಗಳಲ್ಲಿಯೂ ಇಂಥ ವ್ಯವಸ್ಥೆ ಇದೆ. ಜಾವಾದ ಹೆಸರುಗಳು ಮಾತ್ರ ಹೊಸಬರನ್ನು ಗೊಂದಲಕ್ಕೀಡುಮಾಡುತ್ತವೆ: ಅಲ್ಲಿ ಗೆಟ್‌ಸ್ಕ್ರೀನ್‌ಸೈಜ್ ಕೊಡುವುದು ಇಂಚುಗಳನ್ನಲ್ಲ, ಪಿಕ್ಸೆಲ್‌ಗಳನ್ನು, ಗೆಟ್‌ಸ್ಕ್ರೀನ್‌ರೆಸಲ್ಯೂಶನ್ ಕೊಡುವುದು ಇಂಚಿಗೆಷ್ಟು ಚುಕ್ಕೆ ಎಂಬ ಲೆಕ್ಕವನ್ನು.

ಪರದೆಯ ಪೂರ್ಣ ಎತ್ತರವನ್ನೇ ನಂಬಿ ಕಿಟಕಿಯನ್ನು ತೆರೆದರೆ ಅದರ ಕೆಳತುದಿಯ ಗುಂಡಿಗಳು ಟಾಸ್ಕ್‌ಬಾರ್‌ನ ಹಿಂದೆ ಮರೆಯಾಗಬಹುದು. ಆದುದರಿಂದ ಟಾಸ್ಕ್‌ಬಾರ್ ಬಿಟ್ಟು ಉಳಿಯುವ ಜಾಗವನ್ನು ಪ್ರತ್ಯೇಕವಾಗಿ ಕೇಳುವುದು ಸರಿಯಾದ ಕ್ರಮ.

ಸ್ಕೇಲಿಂಗ್‌ನ ಪರಿಣಾಮ

ದೊರೆತ ಸಂಖ್ಯೆ ಯಾವಾಗಲೂ ಪರದೆಯ ನಿಜವಾದ ಪಿಕ್ಸೆಲ್ ಸಂಖ್ಯೆಯಾಗಿರುವುದಿಲ್ಲ. ಅಕ್ಷರಗಳು ದೊಡ್ಡದಾಗಿ ಕಾಣಲೆಂದು ವಿಂಡೋಸ್‌ನಲ್ಲಿ ಸ್ಕೇಲಿಂಗನ್ನು 125 ಪ್ರತಿಶತಕ್ಕೆ ಏರಿಸಿದ್ದರೆ, ಆ ಬಗ್ಗೆ ಅರಿವಿಲ್ಲದಂತೆ ರಚಿಸಿದ ತಂತ್ರಾಂಶಕ್ಕೆ 1920×1080ರ ಪರದೆಯು 1536×864 ಎಂದು ತಿಳಿಸಲ್ಪಡುತ್ತದೆ. ತಂತ್ರಾಂಶವು ಆ ಚಿಕ್ಕ ಅಳತೆಯಲ್ಲಿ ಬರೆದುದನ್ನು ವ್ಯವಸ್ಥೆಯು ಹಿಗ್ಗಿಸಿ ತೋರಿಸುವುದರಿಂದ ಅಕ್ಷರಗಳು ಮಸುಕಾಗುತ್ತವೆ. ತಾನು ಸ್ಕೇಲಿಂಗನ್ನು ಬಲ್ಲೆನೆಂದು ತಂತ್ರಾಂಶವು ತನ್ನ ಮ್ಯಾನಿಫೆಸ್ಟ್ ಕಡತದಲ್ಲಿ ಘೋಷಿಸಿದರೆ ನಿಜವಾದ ಸಂಖ್ಯೆ ದೊರೆಯುತ್ತದೆ. ವಿಂಡೋಸ್ 8.1ರಿಂದ ಒಂದೊಂದು ಪರದೆಗೂ ಬೇರೆಬೇರೆ ಸ್ಕೇಲಿಂಗ್ ಇರಬಹುದಾದ್ದರಿಂದ, ಕಿಟಕಿಯನ್ನು ಇನ್ನೊಂದು ಪರದೆಗೆ ಎಳೆದಾಗ ಮತ್ತೆ ಕೇಳಬೇಕಾಗುತ್ತದೆ.

ಕನ್ನಡ ಲಿಪಿ ಮತ್ತು ಪರದೆ

ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಬರುತ್ತವೆ. "ರಾಷ್ಟ್ರ"ದಂಥ ಪದದಲ್ಲಿ ಎರಡು ಒತ್ತುಗಳು ಸೇರುತ್ತವೆ. ಹಾಗಾಗಿ ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುವ ಎತ್ತರ ಕನ್ನಡಕ್ಕೆ ಸಾಲದು. ಪೆಟ್ಟಿಗೆಯ ಎತ್ತರವನ್ನು ಇಂತಿಷ್ಟೇ ಪಿಕ್ಸೆಲ್ ಎಂದು ನಿಗದಿಪಡಿಸಿದರೆ ಒತ್ತು ಕತ್ತರಿಸಿಹೋಗುತ್ತದೆ. ದಕ್ಷಿಣ ಕನ್ನಡದ ತಾಲೂಕುಗಳ ಪಟ್ಟಿಯಲ್ಲಿ ಬಂಟ್ವಾಳ "ಬಂಟಾಳ"ವಾಗಿ, ಬೆಳ್ತಂಗಡಿ "ಬೆಳಂಗಡಿ"ಯಾಗಿ, ಪುತ್ತೂರು "ಪುತೂರು" ಆಗಿ ಕಂಡೀತು. ಊರಿನ ಹೆಸರನ್ನು ಊಹಿಸಬಹುದು; ಆದರೆ "ಕತ್ತೆ"ಯ ಒತ್ತು ಹೋದರೆ ಉಳಿಯುವುದು "ಕತೆ".

ಫಾಂಟ್ ಬದಲಾದಾಗಲೂ ಇದೇ ತೊಡಕು. ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಫಾಂಟ್ ಬಂದಿತ್ತು. ವಿಂಡೋಸ್ 8ರಿಂದ ನಿರ್ಮಲಾ ಯುಐ ಇದೆ. ಒಂದಕ್ಕೆ ಹೊಂದಿಸಿದ ಎತ್ತರ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ಜಾವಾದ ಫಾಂಟ್‌ಮೆಟ್ರಿಕ್ಸ್, ಕ್ಯೂಟಿಯ ಕ್ಯೂಫಾಂಟ್‌ಮೆಟ್ರಿಕ್ಸ್ ಮುಂತಾದವು ಬಳಕೆಯಲ್ಲಿರುವ ಫಾಂಟ್‌ನ ಸಾಲಿನ ಎತ್ತರವನ್ನು ತಿಳಿಸುತ್ತವೆ. ಪೆಟ್ಟಿಗೆಯ ಎತ್ತರವನ್ನು ಅದರಿಂದ ಲೆಕ್ಕಹಾಕಿ, ಕಿಟಕಿಯ ಒಟ್ಟು ಅಳತೆಯನ್ನು ಮಾತ್ರ ಪರದೆಯಲ್ಲಿ ಉಳಿದಿರುವ ಜಾಗಕ್ಕೆ ಮಿತಿಗೊಳಿಸಲಾಗುತ್ತದೆ.